ಪಳಗಿದ ಕೈಗೆ ಪಾಠ

ಇಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಉದ್ಯೋಗನಿಮಿತ್ತವಾಗಿ ಮಲೆನಾಡಿನ ಹಾದಿಗಳಲ್ಲಿ ಬೈಕಿನ ಮೇಲೆಯೇ ಆಯುಷ್ಯದ ಬಹುಭಾಗವನ್ನು ಕಳೆದು ಈಗ ನಿವೃತ್ತರಾಗಿರುವ ಹಿರಿಯರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಬಹುಕಾಲದಿಂದ ಬೈಕು ಓಡಿಸುತ್ತಿರುವವರಿಗೆ ಸುರಕ್ಷಿತ ಸವಾರಿಯ ಉನ್ನತ ಶಿಕ್ಷಣವನ್ನು ಕೊಡುವ ಬೋಧಕಿ.

ಸವಾರ: ನಿನ್ನ ಕಸುಬಿನ ವಿಚಾರ ಕೇಳಿದಾಗಲೆಲ್ಲ ನನಗೊಂದು ಸಂದೇಹ ಬರುತ್ತದೆ, ಮಗು. ಗಾಡಿ ಹತ್ತಲು ಬಾರದವನಿಗೆ ಶಿಕ್ಷಣ ಬೇಕೆಂಬುದು ಸರಿ. ಲೈಸೆನ್ಸಿಗಾಗಿ ಎಂಟರ ಆಕಾರದಲ್ಲಿ ಬೈಕು ತಿರುಗಿಸಿ ತೋರಿಸಬೇಕಾದ ಹುಡುಗನಿಗೆ ಒಬ್ಬ ಗುರು ಬೇಕೆಂಬುದೂ ಸರಿ. ಆದರೆ ನೀನು ಹುಟ್ಟುವ ಮುಂಚಿನಿಂದಲೂ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರುಗಳ ಹಾದಿಯಲ್ಲಿ ಮಳೆಯೆನ್ನದೆ ಬಿಸಿಲೆನ್ನದೆ ಸುತ್ತಿದವನು, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಯಾವುದರ ಮಗ್ಗುಲಿನಲ್ಲಿ ನೀರು ಒಸರುತ್ತದೆಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವನು, ಅಪಘಾತವೆಂದು ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತದವನು, ಬಯಲಿನಲ್ಲಿ ನೀವು ಸಾಲಾಗಿ ನಿಲ್ಲಿಸಿಡುವ ಆ ಪ್ಲಾಸ್ಟಿಕ್ಕಿನ ಕೋನುಗಳ ನಡುವೆ ನುಸುಳಿ ಹೊಸದಾಗಿ ಕಲಿಯತಕ್ಕದ್ದು ಏನಿದ್ದೀತು?

ಬೋಧಕಿ: ನಿಮ್ಮ ಅನುಭವವನ್ನು ನಾನು ಹಗುರಾಗಿ ಕಾಣುವುದಿಲ್ಲ, ಚಿಕ್ಕಪ್ಪ, ಅದಿಲ್ಲದವರಿಗೆ ನನ್ನ ಪಾಠ ಹತ್ತುವುದೂ ಇಲ್ಲ. ಆದರೆ ಅನುಭವವು ಯಾವುದನ್ನು ಕಲಿಸಬಲ್ಲದು, ಯಾವುದನ್ನು ಕಲಿಸಲಾರದು ಎಂಬುದನ್ನು ಸ್ವಲ್ಪ ವಿವೇಚಿಸೋಣ. ದಿನವೂ ಒದಗುವುದನ್ನು ಅದು ಬಲು ಚೆನ್ನಾಗಿ ಕಲಿಸುತ್ತದೆ: ಗೇರು ಬದಲಾಯಿಸುವುದು, ಹಾಫ್ ಕ್ಲಚ್ಚಿನಲ್ಲಿ ಏರು ಹತ್ತುವುದು, ಸಂತೆಯ ಜನದ ನಡುವೆ ಕಾಲೂರದೆ ಸಾಗುವುದು, ಇವೆಲ್ಲ ಮಾಡಿ ಮಾಡಿ ನಿಮ್ಮ ಕೈಕಾಲುಗಳಿಗೆ ಇಳಿದಿವೆ. ಆದರೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅಡ್ಡರಸ್ತೆಯಿಂದ ಕಾರೊಂದು ಹಠಾತ್ತಾಗಿ ನುಗ್ಗಿ ಬಂದು, ಗಾಡಿಯನ್ನು ಅದರ ಶಕ್ತಿಯಿರುವಷ್ಟೂ ಕಡಿಮೆ ದೂರದಲ್ಲಿ ನಿಲ್ಲಿಸಲೇಬೇಕಾದ ಪ್ರಸಂಗವು ಒಬ್ಬನ ಆಯುಷ್ಯದಲ್ಲಿ ಎಷ್ಟು ಸಲ ಬಂದೀತು? ಒಂದು ಸಲ ಬಂದೀತು, ಎರಡು ಸಲ ಬಂದೀತು, ಬಾರದೆಯೂ ಹೋದೀತು. ಅಷ್ಟು ಅಪರೂಪಕ್ಕೆ ಒದಗತಕ್ಕದ್ದನ್ನು ಅನುಭವದಿಂದ ಕಲಿಯುವ ಬಗೆ ಯಾವುದು? ಕೆರೆಯ ನಿಂತ ನೀರಿನಲ್ಲಿ ವರ್ಷಗಟ್ಟಲೆ ಈಜಿದವನಿಗೆ ಹೊಳೆಯ ಸುಳಿಯ ಅಭ್ಯಾಸವಾಗಿದೆಯೆಂದು ಹೇಳಲು ಬರುತ್ತದೆಯೆ? ನಿಮಗೆ ಅಪಘಾತವಾಗದೆ ಇದ್ದುದಕ್ಕೆ ನಿಮ್ಮ ಎಚ್ಚರವೂ ಕಾರಣ, ಎದುರಿಗೆ ಬಂದವರ ಎಚ್ಚರವೂ ಕಾರಣ, ದೈವವೂ ಕಾರಣ. ಅದರಲ್ಲಿ ಯಾವುದರ ಪಾಲು ಎಷ್ಟೆಂಬ ಲೆಕ್ಕವನ್ನು ಆ ವರ್ಷಗಳು ನಮಗೆ ಒಪ್ಪಿಸುವುದಿಲ್ಲ.

ಸವಾರ: ಪ್ರಸಂಗ ಒದಗಿದಾಗ ಕೈ ತಾನಾಗಿಯೇ ತಕ್ಕದ್ದನ್ನು ಮಾಡುತ್ತದೆ. ಯೋಚಿಸುವುದಕ್ಕೆ ಅಲ್ಲಿ ಅವಕಾಶವಾದರೂ ಎಲ್ಲಿದೆ?

ಬೋಧಕಿ: ಯೋಚಿಸಲು ಅವಕಾಶವಿಲ್ಲವೆಂಬುದು ನಿಜ, ಕೈ ತಾನಾಗಿ ಮಾಡುತ್ತದೆಂಬುದೂ ನಿಜ, ತಕ್ಕದ್ದನ್ನು ಮಾಡುತ್ತದೆಂಬುದು ಮಾತ್ರ ಸಂಶಯ. ಅದನ್ನು ಪರೀಕ್ಷಿಸಿ ನೋಡಿದವರುಂಟು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬವರು ತಮ್ಮ ಸಂಗಡಿಗರೊಡನೆ ಲಾಸ್ ಏಂಜಲೀಸ್ ಪ್ರಾಂತದಲ್ಲಿ ನಡೆದ ಸುಮಾರು 900 ಬೈಕು ಅಪಘಾತಗಳನ್ನು, ಪೊಲೀಸರ ವರದಿಯನ್ನಷ್ಟೆ ನಂಬಿ ಕೂರದೆ, ಸ್ಥಳಕ್ಕೇ ಹೋಗಿ ಒಂದೊಂದಾಗಿ ಪರಿಶೀಲಿಸಿ, 1981ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅಪಾಯವು ಹುಟ್ಟಿದ ಕ್ಷಣದಿಂದ ಡಿಕ್ಕಿಯ ಕ್ಷಣದವರೆಗೆ ಸವಾರನಿಗೆ ದೊರೆಯುತ್ತಿದ್ದ ಕಾಲವು ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ ಎಂದು ಅವರು ಕಂಡರು. ಆ ಎರಡು ಸೆಕೆಂಡಿನಲ್ಲಿ ಬಹುಮಂದಿ ಮಾಡಿದ್ದೇನು? ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಚಕ್ರವನ್ನು ಜಾರಿಸಿದರು. ಗಾಡಿಯನ್ನು ನಿಜವಾಗಿ ನಿಲ್ಲಿಸಬಲ್ಲ ಮುಂದಿನ ಬ್ರೇಕನ್ನು ಅರ್ಧಂಬರ್ಧ ಹಿಡಿದರು. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಕೌಶಲವಂತೂ ಅವರಲ್ಲಿ ಇರಲೇ ಇಲ್ಲವೆನ್ನಬೇಕು. ಅವರಲ್ಲಿ ನೂರಕ್ಕೆ 92 ಮಂದಿ ತಾವೇ ಸ್ವತಃ ಕಲಿತವರು, ಇಲ್ಲವೆ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ನಿಮಗೆ ಕಲಿಸಿದವರು ಯಾರು, ಚಿಕ್ಕಪ್ಪ?

ಸವಾರ: ಇನ್ನಾರು, ನಿನ್ನ ಅಪ್ಪನೇ. ಹಳೆಯ ಬುಲೆಟ್ಟಿನ ಮೇಲೆ ಕೂರಿಸಿ ಮೊಟ್ಟಮೊದಲು ಹೇಳಿದ ಮಾತು, ಮುಂದಿನ ಬ್ರೇಕಿನ ಗೊಡವೆಗೆ ಹೋಗಬೇಡ, ಹಿಡಿದೆಯೋ ಮಗುಚಿಕೊಳ್ಳುತ್ತೀಯೆ ಎಂದು. ಅದನ್ನು ನಾನು ಇಂದಿಗೂ ಪಾಲಿಸಿಕೊಂಡು ಬಂದಿದ್ದೇನೆ.

ಬೋಧಕಿ: ನಮ್ಮ ನಾಡಿನಲ್ಲಿ ಆ ಮಾತನ್ನು ಕೇಳದೆ ಗಾಡಿ ಕಲಿತವರು ಅಪರೂಪ, ನನಗೂ ಅಪ್ಪ ಅದನ್ನೇ ಹೇಳಿದ್ದರು. ಅದರಲ್ಲಿ ಒಂದು ಎಳೆಯ ಸತ್ಯವಿದೆ, ಆ ಎಳೆಯಿಂದಲೇ ಅದು ಇಷ್ಟು ಕಾಲ ಬದುಕಿದೆ. ತಿರುವಿನಲ್ಲಿ ಗಾಡಿ ವಾಲಿರುವಾಗ, ಮರಳಿನ ಮೇಲಿರುವಾಗ, ಅಥವಾ ಗಾಬರಿಯಿಂದ ಲಿವರನ್ನು ಒಮ್ಮೆಲೇ ಕಸಿದಾಗ, ಮುಂದಿನ ಚಕ್ರ ಹಿಡಿದುಕೊಂಡು ಸವಾರನು ಬೀಳುವುದು ನಿಜ. ಆದರೆ ಗಾಡಿ ನೆಟ್ಟಗೆ ನಿಂತು ಒಣ ಟಾರಿನ ಮೇಲೆ ಓಡುತ್ತಿರುವಾಗ ಆಗುವುದೇ ಬೇರೆ. ಬ್ರೇಕು ಹಿಡಿದೊಡನೆ ಗಾಡಿಯ ಮತ್ತು ಸವಾರನ ಭಾರದ ಬಹುಪಾಲು ಮುಂದಕ್ಕೆ ವರ್ಗಾಯಿಸಲ್ಪಟ್ಟು, ಮುಂದಿನ ಶಾಕ್ ಅಬ್ಸಾರ್ಬರ್ ಕುಸಿದು, ಟೈರು ನೆಲಕ್ಕೆ ಅಗಲವಾಗಿ ಒತ್ತಿಕೊಳ್ಳುತ್ತದೆ. ಹಿಂದಿನ ಚಕ್ರವು ಅದೇ ಪ್ರಮಾಣದಲ್ಲಿ ಹಗುರಾಗುತ್ತದೆ. ಎಷ್ಟು ಬಲವಾಗಿ ನಿಲ್ಲಿಸಬೇಕೋ ಅಷ್ಟೂ ಹಿಂದಿನ ಬ್ರೇಕು ನಿಷ್ಪ್ರಯೋಜಕವಾಗುತ್ತ, ಮುಂದಿನ ಬ್ರೇಕು ಸಮರ್ಥವಾಗುತ್ತ ಹೋಗುತ್ತದೆ. ನಿಲ್ಲಿಸುವ ಶಕ್ತಿಯ ಮುಕ್ಕಾಲು ಪಾಲು ಇರುವ ಕಡೆಯನ್ನು ಬಿಟ್ಟು, ಕಾಲುಪಾಲು ಇರುವ ಕಡೆಯನ್ನೇ ತುಳಿಯುವ ಅಭ್ಯಾಸವನ್ನು ಇಡೀ ಒಂದು ತಲೆಮಾರು ಶ್ರದ್ಧೆಯಿಂದ ಮಾಡಿಕೊಂಡಿದೆ. ಆ ಅಭ್ಯಾಸಕ್ಕೆ ವಯಸ್ಸಾದಷ್ಟೂ ಅದು ಗಟ್ಟಿಯಾಗುತ್ತದೆ. ಹೊಸಬನಿಗಿಂತ ಪಳಗಿದವನಿಗೇ ನನ್ನ ಪಾಠದ ಅಗತ್ಯ ಹೆಚ್ಚೆಂದು ನಾನು ಹೇಳುವುದು ಈ ಕಾರಣದಿಂದ.

ಸವಾರ: ಹಾಗಾದರೆ ಹಿಡಿಯತಕ್ಕ ಕ್ರಮ ಯಾವುದು? ಮಾತಿನಲ್ಲಿ ಹೇಳಲು ಬರುವಂಥದಾದರೆ ಹೇಳು.

ಬೋಧಕಿ: ಮಾತಿನಲ್ಲಿ ಹೇಳಬಹುದು, ಬೆರಳಿಗೆ ಬರುವುದಕ್ಕೆ ಮಾತ್ರ ಬಯಲೇ ಬೇಕು. ಎಳೆಯ ನಿಂಬೆಯನ್ನು ಹಿಂಡುವಷ್ಟು ತಾಳ್ಮೆ ಬೆರಳಿನಲ್ಲಿರಬೇಕು. ಮೊದಲು ಲಿವರಿನ ಸಡಿಲವನ್ನು ತೆಗೆದುಕೊಂಡು, ಮೆಲ್ಲಗೆ ಒತ್ತಿ, ಗಾಡಿಯ ಮೂತಿ ತಗ್ಗುವುದು ಮೈಗೆ ತಿಳಿದ ಮೇಲೆ ಇನ್ನಷ್ಟು, ಮತ್ತಷ್ಟು ಒತ್ತುತ್ತ ಹೋಗಬೇಕು. ಇದೆಲ್ಲ ಅರ್ಧ ಸೆಕೆಂಡಿನೊಳಗೆ ಆಗತಕ್ಕದ್ದು. ಆದರೆ ಆ ಅರ್ಧ ಸೆಕೆಂಡಿನೊಳಗೂ ಒಂದು ಮೊದಲು ಒಂದು ಆಮೇಲೆ ಎಂಬುದುಂಟು. ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿದು ಮೈಭಾರವನ್ನು ತೊಡೆಗಳಿಗೆ ಕೊಟ್ಟರೆ ತೋಳುಗಳು ಸಡಿಲವಾಗಿರುತ್ತವೆ. ಇಲ್ಲವಾದರೆ ಮೈಯೆಲ್ಲ ಹ್ಯಾಂಡಲ್ಲಿನ ಮೇಲೆ ಬಿದ್ದು ಹ್ಯಾಂಡಲ್ಲೇ ಅಲುಗುತ್ತದೆ. ಕಣ್ಣು ಮುಂದೆ ದೂರದಲ್ಲಿರಬೇಕು. ಚಕ್ರದ ಮುಂದಿನ ನೆಲವನ್ನು ನೋಡುತ್ತ ನಿಲ್ಲಿಸಿದವನು ಕೊನೆಯ ಗಳಿಗೆಯಲ್ಲಿ ತೂಕ ತಪ್ಪುತ್ತಾನೆ. ನಾನು ಮೊದಲು 30ರ ವೇಗದಲ್ಲಿ, ಆಮೇಲೆ 40, ಆಮೇಲೆ 60ರಲ್ಲಿ ಇದನ್ನೇ ಮಾಡಿಸುತ್ತೇನೆ. ಎಬಿಎಸ್ ಇರುವ ಗಾಡಿಯಾದರೆ, ಲಿವರು ಬೆರಳಿನಡಿಯಲ್ಲಿ ಟಕಟಕನೆ ಮಿಡಿಯುವವರೆಗೆ ಒತ್ತಿಸಿ, ಮಿಡಿದಾಗಲೂ ಬಿಡದೆ ಹಿಡಿದಿರುವುದನ್ನು ರೂಢಿಮಾಡಿಸುತ್ತೇನೆ.

ಸವಾರ: ಈಚಿನ ನನ್ನ ಗಾಡಿಯಲ್ಲಿ ಅದಿದೆ. ಒಂದೆರಡು ಸಲ ಹಾಗೆ ಮಿಡಿದಾಗ ಏನೋ ಕೆಟ್ಟಿತೆಂದು ಬಿಟ್ಟುಬಿಟ್ಟೆ.

ಬೋಧಕಿ: ಬಹುಮಂದಿ ಬಿಡುತ್ತಾರೆ. ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದಲೂ, ಮೊದಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲಿನಿಂದಲೂ ಎಬಿಎಸ್ ಕಡ್ಡಾಯವಾಯಿತು. ಚಕ್ರ ಹಿಡಿದುಕೊಳ್ಳುವ ಸೂಚನೆ ಕಂಡೊಡನೆ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಮಾಡುವ ಯಂತ್ರ ಅದು; ಆ ಮಿಡಿತವು ಅದು ಕೆಲಸ ಮಾಡುತ್ತಿರುವುದರ ಗುರುತು. ಅಷ್ಟು ಬೆಲೆಯ ಯಂತ್ರವನ್ನು ಕೊಟ್ಟು ಅದರ ಮಿಡಿತವನ್ನು ಒಂದು ಸಲವಾದರೂ ಬೆರಳಿಗೆ ಪರಿಚಯಮಾಡಿಸದೆ ರಸ್ತೆಗೆ ಕಳಿಸುವುದು ನನಗೆ ದೊಡ್ಡ ಲೋಪವೆಂದು ತೋರುತ್ತದೆ. ಇನ್ನೊಂದು ಮಾತು. ನಿಮ್ಮ ಹಳೆಯ ಬುಲೆಟ್ಟಿನಲ್ಲಿ ಗೇರು ಯಾವ ಕಾಲಿಗೆ?

ಸವಾರ: ಬಲಗಾಲಿಗೆ. ಬ್ರೇಕು ಎಡಗಾಲಿಗೆ. ಆಮೇಲೆ ಕೊಂಡ ಮೈಸೂರಿನ ಯೆಜ್ದಿಯಲ್ಲಿ ತದ್ವಿರುದ್ಧ. ಕಿಕ್ ಹೊಡೆಯುವ ಲಿವರೇ ಮಡಿಚಿದರೆ ಗೇರಿನ ಲಿವರು, ಅದು ಎಡಗಡೆಗೆ. ಒಂದು ವಾರ ತಡಕಾಡಿದೆ, ಆಮೇಲೆ ಹೊಂದಿಕೊಂಡಿತು.

ಬೋಧಕಿ: ನಿತ್ಯದ ಓಡಾಟಕ್ಕೆ ಹೊಂದಿಕೊಂಡಿತು. ಬಲಗೇರಿನ ಬುಲೆಟ್ಟಿನಲ್ಲಿ ಬಹುಕಾಲ ಪಳಗಿದ ಹಿರಿಯರೊಬ್ಬರು ಹೊಸ ಗಾಡಿ ತೆಗೆದುಕೊಂಡು ನನ್ನ ಬಯಲಿಗೆ ಬಂದಿದ್ದರು. ಗೇರು ಬದಲಾಯಿಸುವುದರಲ್ಲಿ ಒಂದಿಷ್ಟೂ ತೊಡಕಿಲ್ಲ. ಆದರೆ ಮುನ್ಸೂಚನೆಯಿಲ್ಲದೆ ನಾನು ಕೆಂಪು ಬಾವುಟ ಎತ್ತಿದೊಡನೆ ಅವರ ಎಡಗಾಲು ಶಕ್ತಿಯಿದ್ದಷ್ಟೂ ಕೆಳಕ್ಕೆ ತುಳಿಯಿತು. ಅಲ್ಲಿದ್ದುದು ಗೇರು. ಗಾಡಿ ಒಂದು ಗೇರು ಕೆಳಕ್ಕಿಳಿದು, ಎಂಜಿನ್ನು ಗರ್ಜಿಸಿ, ಹಿಂದಿನ ಚಕ್ರ ಕೀರಲುಗುಟ್ಟಿ ಒಂದು ಪಕ್ಕಕ್ಕೆ ಜಾರಿತು. ಬ್ರೇಕು ಬಿದ್ದಿರಲೇ ಇಲ್ಲ. ಹೊಸ ಗಾಡಿಯನ್ನು ಅವರ ಬುದ್ಧಿ ಕಲಿತಿತ್ತು. ಗಾಬರಿಯಾದಾಗ ಎಚ್ಚೆತ್ತದ್ದು ಮಾತ್ರ ಹಳೆಯ ಗಾಡಿಯ ಕಾಲು. ಅಪಾಯವಿಲ್ಲದ ಬಯಲಿನಲ್ಲಿ ಅದು ಹೊರಗೆ ಬಂದುದು ಅವರ ಭಾಗ್ಯ. ಆ ದಿನವೆಲ್ಲ ಅವರು ಬೇರೇನನ್ನೂ ಮಾಡದೆ ಬಾವುಟ ಕಂಡೊಡನೆ ನಿಲ್ಲಿಸುವುದೊಂದನ್ನೇ ಮಾಡಿದರು.

ಸವಾರ: ಬ್ರೇಕಿನ ಮಾತನ್ನು ಒಪ್ಪಿದೆ. ಆದರೆ ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳುವುದನ್ನೂ ಕಲಿಸಬೇಕೆಂದರೆ ನಗು ಬರುತ್ತದೆ. ಎಡಕ್ಕೆ ಹೋಗಬೇಕಾದರೆ ಎಡಕ್ಕೆ ತಿರುಗಿಸುತ್ತೇನೆ. ಇದನ್ನು ಅರಿಯದವನು ರಸ್ತೆಗೆ ಬಂದಾನೆಯೆ?

ಬೋಧಕಿ: ವಿಮಾನವನ್ನು ಕಂಡುಹಿಡಿದ ರೈಟ್ ಸೋದರರು ಮೊದಲು ಡೇಟನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಅವರಲ್ಲಿ ವಿಲ್ಬರ್ ರೈಟ್, ಎಡಕ್ಕೆ ಹೇಗೆ ತಿರುಗುತ್ತೀರೆಂದು ಅನೇಕ ಸೈಕಲ್ ಸವಾರರನ್ನು ಕೇಳಿ ನೋಡಿದರಂತೆ. ನೀವು ಹೇಳಿದ ಉತ್ತರವನ್ನೇ ಹೆಚ್ಚುಕಡಿಮೆ ಎಲ್ಲರೂ ಹೇಳಿದರು, ನಿಜವಾಗಿ ತಾವು ಮಾಡುತ್ತಿದ್ದುದನ್ನು ತಾವಾಗಿ ಗಮನಿಸಿ ಹೇಳಿದವರು ಒಬ್ಬರೂ ಸಿಕ್ಕಲಿಲ್ಲ. ನಡೆಯುವಷ್ಟು ನಿಧಾನದಲ್ಲಿ ಎಡಕ್ಕೆ ತಿರುಗಿಸಿದರೆ ಗಾಡಿ ಎಡಕ್ಕೆ ಹೋಗುತ್ತದೆ, ಸರಿ. ವೇಗ ಬಂದ ಮೇಲೆ ಎಡಕ್ಕೆ ಹೋಗಬೇಕಾದರೆ ಎಡಗೈಯ ಹಿಡಿಯನ್ನು ಮುಂದಕ್ಕೆ ಒತ್ತಬೇಕು; ಮುಂದಿನ ಚಕ್ರವು ಕ್ಷಣಮಾತ್ರ ಬಲಕ್ಕೆ ತಿರುಗಿ ಗಾಡಿಯನ್ನು ಎಡಕ್ಕೆ ವಾಲಿಸುತ್ತದೆ, ವಾಲಿದ ಗಾಡಿ ಎಡಕ್ಕೆ ಹೋಗುತ್ತದೆ. ನೀವು ಆಗುಂಬೆಯಲ್ಲಿ ಅರಿಯದೆಯೇ ಇದನ್ನು ಮಾಡುತ್ತಲೇ ಬಂದಿದ್ದೀರಿ. ಅರಿಯದೆ ಮಾಡುವುದರಲ್ಲಿ ತೊಂದರೆಯೇನೆಂದರೆ, ಮುಂದೆ ಕಾರು ಅಡ್ಡ ಬಂದ ಕ್ಷಣದಲ್ಲಿ ಬುದ್ಧಿ ಗಾಬರಿಯಿಂದ ಅಧಿಕಾರವನ್ನು ಕಸಿದುಕೊಂಡು, ತಾನು ನಂಬಿದ್ದ ತಪ್ಪು ಪಾಠದಂತೆ ಹ್ಯಾಂಡಲ್ಲನ್ನು ಎಡಕ್ಕೆ ಎಳೆದುಬಿಡುತ್ತದೆ. ಆಗ ಗಾಡಿ ಬಲಕ್ಕೆ ವಾಲಿ, ಯಾವುದರಿಂದ ಪಾರಾಗಬೇಕೆಂದಿದ್ದೆವೋ ಅದರ ಕಡೆಗೇ ಒಯ್ಯುತ್ತದೆ. ನಾಳೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಎಡ ಅಂಗೈಯಿಂದ ಹಿಡಿಯನ್ನು ಹೂವಿನಷ್ಟು ಮೆಲ್ಲಗೆ ಮುಂದಕ್ಕೆ ನೂಕಿ ನೋಡಿ. ಮಿಕ್ಕದ್ದನ್ನು ಗಾಡಿಯೇ ಹೇಳುತ್ತದೆ.

ಸವಾರ: ನೋಡುತ್ತೇನೆ. ಆದರೆ ಈ ಹಠಾತ್ ಪ್ರಸಂಗಗಳೆಲ್ಲ ವೇಗದ ಹುಚ್ಚಿನವರಿಗೆ ಬರುವಂಥವು. ನಾನು ಎಂದೂ 80 ದಾಟಿದವನಲ್ಲ.

ಬೋಧಕಿ: 60ಕ್ಕೂ 80ಕ್ಕೂ ಇರುವ ಅಂತರವನ್ನೇ ಒಂದು ಲೆಕ್ಕದಿಂದ ನೋಡೋಣ. ಇಬ್ಬರು ಸವಾರರು ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ಹೋಗುತ್ತಿದ್ದಾರೆ, ಒಬ್ಬನು 60ರಲ್ಲಿ, ಇನ್ನೊಬ್ಬನು 80ರಲ್ಲಿ. ಮುಂದೆ ಎಮ್ಮೆಯೊಂದು ಅಡ್ಡ ನಿಂತದ್ದನ್ನು ಇಬ್ಬರೂ ಒಂದೇ ಕ್ಷಣದಲ್ಲಿ ಕಂಡರು. ಇಬ್ಬರಿಗೂ ಬ್ರೇಕು ಹಿಡಿಯಲು ಒಂದು ಸೆಕೆಂಡು ಬೇಕಾಯಿತು. ಇಬ್ಬರೂ ಒಣ ರಸ್ತೆಯಲ್ಲಿ ನುರಿತವರಂತೆಯೇ ಬ್ರೇಕು ಹಿಡಿದರು. 60ರವನು ಆ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗಿ, ಬ್ರೇಕಿನಲ್ಲಿ ಇನ್ನು 20 ಮೀಟರು ಸಾಗಿ, ಎಮ್ಮೆಯ ಕೋಡಿನ ಹತ್ತಿರ ನಿಂತನೆನ್ನಿ. ಅದೇ ಜಾಗಕ್ಕೆ ಬಂದಾಗ 80ರವನ ವೇಗ ಎಷ್ಟಿರುತ್ತದೆ?

ಸವಾರ: ಹೆಚ್ಚೆಂದರೆ 20 ಇದ್ದೀತು. ವ್ಯತ್ಯಾಸ ಅಷ್ಟೇ ತಾನೆ.

ಬೋಧಕಿ: 60ಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ, ಚಿಕ್ಕಪ್ಪ. ಬ್ರೇಕು ಹಿಡಿಯುವ ಮೊದಲೇ ಅವನು 22 ಮೀಟರು ಬಂದಿರುತ್ತಾನೆ. ಮಿಕ್ಕ 14, 15 ಮೀಟರಿನಲ್ಲಿ ಕಳೆಯಬಹುದಾದದ್ದು ಅಷ್ಟೇ. ಒಬ್ಬನು ನಿಂತ ಜಾಗದಲ್ಲಿ ಇನ್ನೊಬ್ಬನು, ಮೊದಲನೆಯವನು ಹೊರಟಿದ್ದ ಪೂರ್ಣವೇಗದಿಂದ ಹೊಡೆಯುತ್ತಾನೆ. ವೇಗ ಎರಡರಷ್ಟಾದರೆ ಬ್ರೇಕಿನಲ್ಲಿ ಸಾಗುವ ದೂರ ನಾಲ್ಕರಷ್ಟಾಗುತ್ತದೆಂಬ ಪಾಠಶಾಲೆಯ ಗಣಿತವೇ ಇದು. ಆದರೆ ಅದನ್ನು ಓದಿದವರೂ ರಸ್ತೆಯಲ್ಲಿ ನೀವು ಹೇಳಿದ ಉತ್ತರವನ್ನೇ ಹೇಳುತ್ತಾರೆ. ಬಯಲಿನಲ್ಲಿ ನಾನು ಮೊದಲು ಮಾಡಿಸುವ ಕೆಲಸವೂ ಇದಕ್ಕೆ ಸಂಬಂಧಪಟ್ಟದ್ದು. 60ರಲ್ಲಿ ಬಂದು ಈ ಗೆರೆಯ ಮೇಲೆ ಬ್ರೇಕು ಹಿಡಿದರೆ ಎಲ್ಲಿ ನಿಲ್ಲುತ್ತೀರೋ ಅಲ್ಲಿ ಒಂದು ಕೋನನ್ನು ನೀವೇ ಇಡಿ ಎನ್ನುತ್ತೇನೆ. ವರ್ಷಗಟ್ಟಲೆ ಓಡಿಸಿದವರು ಧೈರ್ಯವಾಗಿ ಇಡುತ್ತಾರೆ, ಆಮೇಲೆ ಅದನ್ನು ದಾಟಿಕೊಂಡು ಬಲುದೂರ ಹೋಗಿ ನಿಲ್ಲುತ್ತಾರೆ. ಯಾರೂ ಮಾತಾಡುವುದಿಲ್ಲ, ಹಿಂದಿರುಗಿ ಬಂದು ತಾವಿಟ್ಟ ಕೋನನ್ನು ಎತ್ತಿಕೊಂಡು ಮುಂದೆ ಇಡುತ್ತಾರೆ.

ಸವಾರ: ನಿನ್ನ ವಿದ್ಯೆಯ ವಿರುದ್ಧ ನನ್ನಲ್ಲಿ ಇದಕ್ಕಿಂತ ಬಲವಾದ ಆಕ್ಷೇಪಣೆಯೊಂದಿದೆ. ಬ್ರೇಕು ಹಿಡಿಯುವುದರಲ್ಲಿ, ಓರೆಯಾಗಿ ನುಸುಳುವುದರಲ್ಲಿ ಇಷ್ಟು ನಿಷ್ಣಾತನಾದವನು, ತನ್ನ ಕೌಶಲದ ಮೇಲಿನ ಭರವಸೆಯಿಂದ ಮೊದಲಿಗಿಂತ ವೇಗವಾಗಿ ಹೋಗುವುದಿಲ್ಲವೆ? ನನ್ನ ಭಯವೇ ನನ್ನನ್ನು ಇಷ್ಟು ಕಾಲ ಕಾಪಾಡಿದ್ದು. ಅದನ್ನು ತೆಗೆದುಬಿಟ್ಟು ನೀನು ಕೊಡುವುದೇನು?

ಬೋಧಕಿ: ಈ ಪ್ರಶ್ನೆಯನ್ನು ಕೇಳಿಕೊಳ್ಳದ ಬೋಧಕರು ಪಾಠ ಹೇಳಬಾರದು. ನಾರ್ವೆ ದೇಶದಲ್ಲಿ 1979ರಲ್ಲಿ ಹೊಸ ಕಾರು ಚಾಲಕರಿಗೆ, ಮಂಜಿನಿಂದ ಜಾರುವ ರಸ್ತೆಯಲ್ಲಿ ಗಾಡಿ ನಿಭಾಯಿಸುವ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಬಳಿಕ ಲೆಕ್ಕ ತೆಗೆದಾಗ, ತರುಣ ಗಂಡಸರಲ್ಲಿ ಜಾರುರಸ್ತೆಯ ಅಪಘಾತಗಳು ಇಳಿಯುವುದಕ್ಕೆ ಬದಲಾಗಿ ಏರಿದ್ದುವು. ಜಾರಿದರೆ ಸರಿಪಡಿಸಿಕೊಳ್ಳಬಲ್ಲೆನೆಂಬ ನಂಬಿಕೆ ಬಂದಿತ್ತು, ಸರಿಪಡಿಸಿಕೊಳ್ಳುವ ಶಕ್ತಿ ಅಷ್ಟರಮಟ್ಟಿಗೆ ಬಂದಿರಲಿಲ್ಲ. ಒಂದು ದಿನದ ಪಾಠಕ್ಕೆ ಬಂದು, ಕೊನೆಯಲ್ಲಿ ಪ್ರಮಾಣಪತ್ರವನ್ನು ಪಡೆದು, ಗಾಡಿಯ ಮುಂದೆ ಒಂದು ಚಿತ್ರ ತೆಗೆಸಿಕೊಂಡು ಹೋಗುವ ಶಿಬಿರಗಳನ್ನು ಕಂಡರೆ ನನಗೆ ಸಂಕಟವಾಗುವುದು ಇದರಿಂದಲೇ. ಕೋನಿನ ಪಾಠವನ್ನು ಮೊದಲು ಇಟ್ಟಿರುವುದಕ್ಕೂ ಇದೇ ಕಾರಣ: ಶಿಷ್ಯನು ಎಷ್ಟು ಕಲಿತೆನೆಂಬುದಕ್ಕಿಂತ ಮೊದಲು, ತನ್ನ ಎಲ್ಲೆ ಎಲ್ಲಿದೆಯೆಂಬುದನ್ನು ಕಣ್ಣಾರೆ ಕಂಡುಕೊಂಡು ಹೋಗಬೇಕು. ಭಯವನ್ನು ನಾನು ತೆಗೆಯುವುದಿಲ್ಲ. ಅದು ಎಲ್ಲಿರಬೇಕೋ ಅಲ್ಲಿಗೆ ಅದನ್ನು ಕಳಿಸಿಕೊಡುತ್ತೇನೆ. ಮುಂದಿನ ಬ್ರೇಕಿನ ಮೇಲಿದ್ದ ಭಯ ಕಾಣದ ತಿರುವಿನ ಮೇಲೆ ಹೋಗಲಿ. ಶಿಕ್ಷಣದ ಉತ್ತಮಭಾಗವು ಬ್ರೇಕಿನಲ್ಲಿಲ್ಲ, ಬ್ರೇಕು ಹಿಡಿಯುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವ ಕಣ್ಣಿನಲ್ಲಿದೆ.

ಸವಾರ: ಆ ಕಣ್ಣಂತೂ ಅನುಭವದಿಂದಲೇ ಬರತಕ್ಕದ್ದು.

ಬೋಧಕಿ: ಬಹುಮಟ್ಟಿಗೆ ಹೌದು, ಆದರೆ ಅದಕ್ಕೂ ಶಾಸ್ತ್ರವುಂಟು. ಲಂಡನ್ನಿನ ಪೊಲೀಸರು 1930ರ ದಶಕದಲ್ಲಿ ಹೆಂಡನ್ ಎಂಬಲ್ಲಿ ಒಂದು ಚಾಲನಾಶಾಲೆಯನ್ನು ತೆರೆದರು. ಅಲ್ಲಿಗೆ ಕಲಿಯಲು ಬಂದವರಲ್ಲಿ ಮೊದಲೇ ಗಾಡಿ ಓಡಿಸುತ್ತಿದ್ದ ಪೊಲೀಸರಿದ್ದರು. ಅಲ್ಲಿ ಬೆಳೆದ ಪದ್ಧತಿಯು ಮುಂದೆ ‘ರೋಡ್‌ಕ್ರಾಫ್ಟ್’ ಎಂಬ ಕೈಪಿಡಿಯಾಗಿ 1955ರಲ್ಲಿ ಪ್ರಕಟವಾಯಿತು, ಬೈಕಿನವರಿಗೂ ಬೇರೆಯಾಗಿ ಒಂದು ಬಂದಿತು. ಅದರಲ್ಲಿನ ಒಂದು ಸೂತ್ರವನ್ನು ಹೇಳುತ್ತೇನೆ. ತಿರುವಿನಲ್ಲಿ ಮುಂದೆ ನೋಡಿದರೆ ರಸ್ತೆಯ ಎಡ ಅಂಚೂ ಬಲ ಅಂಚೂ ಒಂದೆಡೆ ಕೂಡಿದಂತೆ ಕಾಣುತ್ತವೆ. ನೀವು ಸಾಗಿದಂತೆ ಆ ಸಂಧಿಬಿಂದು ನಿಮ್ಮ ಕಡೆಗೆ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ತಗ್ಗಿಸಬೇಕು. ನಿಮ್ಮಷ್ಟೇ ವೇಗದಲ್ಲಿ ಮುಂದೆ ಮುಂದೆ ಹೋಗುತ್ತಿದ್ದರೆ ಈಗಿನ ವೇಗ ಸರಿ. ನಿಮ್ಮಿಂದ ಓಡಿಹೋಗುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಯಾವ ಗಳಿಗೆಯಲ್ಲೂ ಆ ಬಿಂದುವಿನೊಳಗೆ ನಿಲ್ಲಲು ಸಾಧ್ಯವಿರುವಷ್ಟೇ ವೇಗವಿರಬೇಕು. ಪರಿಚಯವಿಲ್ಲದ ಘಾಟಿಯಲ್ಲಿಯೂ ಈ ಸೂತ್ರ ನಡೆಯುತ್ತದೆ. ಆಗುಂಬೆಯ ನಿಮ್ಮ ಜ್ಞಾನವು ಆಗುಂಬೆಯಲ್ಲಿ ಮಾತ್ರ ನಡೆಯುತ್ತದೆ.

ಸವಾರ: ಪರಿಚಿತವಾದ ರಸ್ತೆಯಲ್ಲಿ ಅದರ ಅಗತ್ಯವಿಲ್ಲವಷ್ಟೆ?

ಬೋಧಕಿ: ಅರೇಬಿಯದ ಲಾರೆನ್ಸ್ ಎಂದು ಹೆಸರಾಂತವನ ಕೊನೆಯನ್ನು ನೀವು ಬಲ್ಲಿರಿ. ಬ್ರಫ್ ಸುಪೀರಿಯರ್ ಎಂಬ ಭಾರಿ ಬೈಕುಗಳಲ್ಲಿ ಒಂದಾದ ಮೇಲೊಂದರಂತೆ ಏಳನ್ನು ಓಡಿಸಿ, ಎಂಟನೆಯದಕ್ಕೆ ಹೇಳಿಯೂ ಇಟ್ಟಿದ್ದ ಸವಾರ ಅವನು. 1935ರ ಮೇ ತಿಂಗಳಿನಲ್ಲಿ, ಡಾರ್ಸೆಟ್ ಸೀಮೆಯಲ್ಲಿ, ತನ್ನ ಮನೆಯ ಹತ್ತಿರದ, ನಿತ್ಯ ಓಡಾಡುವ ರಸ್ತೆಯಲ್ಲಿ, ಇಳುಕಲಿನ ಮರೆಯಲ್ಲಿದ್ದ ಇಬ್ಬರು ಸೈಕಲ್ ಹುಡುಗರನ್ನು ಹತ್ತಿರಕ್ಕೆ ಬಂದ ಮೇಲೆ ಕಂಡು, ತಪ್ಪಿಸಲು ಹೋಗಿ ಬಿದ್ದು, ಆರು ದಿನಗಳ ಮೇಲೆ ತೀರಿಕೊಂಡ. ರಸ್ತೆಯನ್ನು ಬಲ್ಲವನೇ ಅವನು, ಆದರೆ ಆ ಹೊತ್ತಿಗೆ ಅದರ ಮೇಲೆ ಯಾರಿದ್ದಾರೆಂಬುದನ್ನು ರಸ್ತೆಯ ಪರಿಚಯ ಹೇಳಲಿಲ್ಲ. ತಲೆಗೆ ಹೆಲ್ಮೆಟ್ಟಿರಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸ್, ಆ ಸಾವನ್ನು ಮರೆಯಲಾರದೆ, ಸೈನ್ಯದ ಬೈಕು ಸವಾರರ ತಲೆಪೆಟ್ಟುಗಳನ್ನು ವ್ಯಾಸಂಗಮಾಡಿ 1941ರಲ್ಲಿ ಬರೆದ ಲೇಖನವು ಜಗತ್ತಿನ ಹೆಲ್ಮೆಟ್ಟಿನ ಕಾನೂನುಗಳಿಗೆಲ್ಲ ಮೊದಲ ಆಧಾರವಾಯಿತೆನ್ನಬೇಕು.

ಸವಾರ: ಆದರೆ ಇಂಗ್ಲೆಂಡಿನ ಕೈಪಿಡಿ ನಮ್ಮ ರಸ್ತೆಗೆ ಹೊಂದೀತೆ? ಚಾರ್ಮಾಡಿ ಘಾಟಿಯಲ್ಲಿ ಎದುರಿನ ಬಸ್ಸು ತನ್ನ ಪಾಲು, ನಮ್ಮ ಪಾಲು ಎರಡನ್ನೂ ತೆಗೆದುಕೊಂಡು ಬರುತ್ತದೆ.

ಬೋಧಕಿ: ಹೊಂದದ ಕಡೆ ಹೊಂದಿಸಿಕೊಳ್ಳಬೇಕು. ಎಡ ತಿರುವಿನಲ್ಲಿ ಬೆಟ್ಟದ ಮೈ ದೃಷ್ಟಿಗೆ ಅಡ್ಡವಾಗುವುದರಿಂದ, ರಸ್ತೆಯ ನಡುಗೆರೆಯ ಕಡೆಗೆ ಸರಿದರೆ ಹೆಚ್ಚು ದೂರ ಕಾಣುತ್ತದೆಂದು ಆ ಪದ್ಧತಿ ಹೇಳುತ್ತದೆ. ಬಸ್ಸು ತಿರುವನ್ನು ಕತ್ತರಿಸಿಕೊಂಡು ಬರುವ ನಮ್ಮ ಘಾಟಿಯಲ್ಲಿ ಹಾಗೆ ಸರಿದವನು ಬಸ್ಸಿನ ಮೂತಿಗೇ ಸಿಕ್ಕುತ್ತಾನೆ. ಇಲ್ಲಿ ಆ ನೋಟವನ್ನು ಬಿಟ್ಟುಕೊಟ್ಟು, ಎಡಕ್ಕೇ ಉಳಿದು, ವೇಗವನ್ನು ಇನ್ನಷ್ಟು ತಗ್ಗಿಸಬೇಕು. ಬಲ ತಿರುವಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಡುಗೆರೆಯ ಪಕ್ಕದಲ್ಲೇ ಚಕ್ರವಿಟ್ಟು ಬಲಕ್ಕೆ ವಾಲಿದರೆ, ಚಕ್ರವು ನಮ್ಮ ಪಾಲಿನ ರಸ್ತೆಯಲ್ಲಿದ್ದರೂ ತಲೆ ಆಚೆಯವರ ಪಾಲಿನಲ್ಲಿರುತ್ತದೆ. ಇನ್ನು ಯಾವ ಕೈಪಿಡಿಯಲ್ಲೂ ಇಲ್ಲದ್ದು ನಮ್ಮ ಬಯಲುಸೀಮೆಯ ಸುಗ್ಗಿ. ರಾಗಿಯನ್ನೋ ಹುರುಳಿಯನ್ನೋ ಒಕ್ಕಲು ಟಾರು ರಸ್ತೆಯ ಮೇಲೆ ಹರಡಿರುತ್ತಾರೆ, ಅಂಚಿಗೆ ಕಲ್ಲುಗಳನ್ನೂ ಇಟ್ಟಿರುತ್ತಾರೆ, ಹುಲ್ಲಿನಡಿಯಲ್ಲಿ ಕಲ್ಲು ಕಾಣುವುದಿಲ್ಲ. ಅದರ ಮೇಲೆ ಬ್ರೇಕನ್ನೂ ಹಿಡಿಯಬಾರದು, ವಾಲಲೂ ಬಾರದು. ಬ್ರೇಕಿನ ಕೆಲಸವನ್ನೆಲ್ಲ ಕಾಳಿನ ಮುಂಚೆಯೇ ಮುಗಿಸಿ, ಗಾಡಿಯನ್ನು ನೆಟ್ಟಗಿಟ್ಟು, ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದು ದಾಟಬೇಕು. ಕಬ್ಬಿನ ಟ್ರಾಕ್ಟರಿನ ಟ್ರೇಲರಿಗೆ ಹಿಂದೆ ದೀಪವಿಲ್ಲದಿರುವುದು, ಗದ್ದೆಯಿಂದ ಹತ್ತಿದ ಚಕ್ರಗಳು ಟಾರಿನ ಮೇಲೆ ಬಿಟ್ಟುಹೋದ ಕೆಸರು, ಬೇಸಗೆಯ ಎಣ್ಣೆಯ ಮೇಲೆ ಬಿದ್ದ ಮೊದಲ ಮಳೆ, ಇವನ್ನೆಲ್ಲ ನಮ್ಮ ಶಿಷ್ಯರೊಡನೆ ನಿಜವಾದ ರಸ್ತೆಯಲ್ಲೇ ಹೋಗುತ್ತ ಒಂದೊಂದಾಗಿ ತೋರಿಸುತ್ತೇನೆ. ಅವರು ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತ ಓಡಿಸಬೇಕು. ಹೇಳದೆ ಹೋದದ್ದನ್ನು ಕಾಣಲಿಲ್ಲವೆಂದೇ ನಾನು ಭಾವಿಸುತ್ತೇನೆ.

ಸವಾರ: ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕೆಂದರೆ ಕಾರಿನವರು ನೋಡತಕ್ಕದ್ದೇನು? ತಪ್ಪು ಅವರದಾಗಿರುವಾಗ ಶಿಕ್ಷಣ ನಮಗೇಕೆ?

ಬೋಧಕಿ: ತಪ್ಪು ಬಹುಪಾಲು ಅವರದೇ. ಹರ್ಟ್ ಅವರ ವರದಿಯಲ್ಲಿಯೂ, ಇನ್ನೊಂದು ವಾಹನದೊಡನೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು, ಬೈಕಿನವನಿಗೆ ಸಲ್ಲಬೇಕಾದ ದಾರಿಗೆ ಇನ್ನೊಬ್ಬನು ಅಡ್ಡ ಬಂದುದರಿಂದ ಆದವು. ಹಾಗೆ ಅಡ್ಡ ಬಂದವರಲ್ಲಿ ಅನೇಕರು ಬೈಕನ್ನು ನೋಡಲೇ ಇಲ್ಲವೆಂದರು. ಅದು ಸುಳ್ಳೂ ಅಲ್ಲ. ನೇರ ಎದುರಿಗೆ ಬರುವ ಸಣ್ಣ ಆಕಾರವು ಹತ್ತಿರವಾಗುವವರೆಗೆ ಬೆಳೆದಂತೆಯೇ ಕಾಣುವುದಿಲ್ಲ. ಕಾರಿನ ಮುಂಗಾಜಿನ ಪಕ್ಕದ ಕಂಬದ ಮರೆಯಲ್ಲಿ ಇಡೀ ಬೈಕು ಅಡಗಿಹೋಗುತ್ತದೆ. ಅಡ್ಡರಸ್ತೆ ಬಂದಾಗ ನಮ್ಮ ಸಾಲಿನೊಳಗೇ ಮೆಲ್ಲಗೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿದರೆ ಆ ಆಕಾರ ಅಲುಗಿದಂತಾಗಿ ಅವನ ಕಣ್ಣಿಗೆ ಬೀಳುತ್ತದೆ. ಅವನ ಮುಖವನ್ನು ನಂಬದೆ ಅವನ ಮುಂದಿನ ಚಕ್ರವನ್ನು ನೋಡುತ್ತಿದ್ದರೆ ಹೊರಡುವ ಮೊದಲ ಉರುಳು ನಮಗೆ ತಿಳಿಯುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ದ್ವಿಚಕ್ರದವರು. ಅವರಲ್ಲಿ ಎಷ್ಟೋ ಮಂದಿಯ ಪಾಲಿಗೆ ನ್ಯಾಯ ಅವರ ಕಡೆಗೇ ಇದ್ದಿರಬೇಕು, ಚಿಕ್ಕಪ್ಪ. ನನ್ನ ಮುಂದೆ ಬಂದು ಕುಳಿತವರು ಸಂಜೆ ಮನೆಗೆ ತಲುಪಬೇಕು ಎಂಬುದರ ಹೊರತು ಬೇರೆ ವಾದ ನನಗೆ ಬೇಡ.

ಸವಾರ: ಆಗಲಿ, ಬರುತ್ತೇನೆ. ಆದರೆ ನಾನು ಒಬ್ಬನೇ ಓಡಿಸುವುದು ಕಡಿಮೆ. ಮದುವೆಮುಂಜಿಗೆಂದು ನಿನ್ನ ಚಿಕ್ಕಮ್ಮ ಹಿಂದೆ ಇದ್ದೇ ಇರುತ್ತಾಳೆ. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುತ್ತಾಳೆ. ಆಗ ಈ ಬ್ರೇಕಿನ ಲೆಕ್ಕವೆಲ್ಲ ಏನಾಗುತ್ತದೆ?

ಬೋಧಕಿ: ಬದಲಾಗುತ್ತದೆ. ಹಿಂದೆ ಭಾರ ಹೆಚ್ಚಿದ್ದರಿಂದ ಹಿಂದಿನ ಬ್ರೇಕಿಗೆ ಒಬ್ಬರೇ ಇದ್ದಾಗಿನದಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ, ಎರಡನ್ನೂ ಕೂಡಿಯೇ ಹಿಡಿಯಬೇಕು. ಹಿಂದಿನ ಟೈರಿಗೆ ಗಾಳಿ ಎಷ್ಟಿರಬೇಕೆಂಬುದನ್ನು ಇಬ್ಬರಿಗೆ ಬೇರೆಯಾಗಿ ಗಾಡಿಯ ಮೇಲೆಯೇ ಅಂಟಿಸಿರುತ್ತಾರೆ, ನೋಡಿಕೊಂಡು ಹಾಕಿಸಿ. ಒಂದೇ ಪಕ್ಕಕ್ಕೆ ಕುಳಿತವರಿಗೆ ಮೊಣಕಾಲಿನ ಆಸರೆಯಿಲ್ಲ. ನೀವು ಬಲವಾಗಿ ನಿಲ್ಲಿಸಿದರೆ ಅವರು ಸೀಟಿನ ಮೇಲೆ ಮುಂದಕ್ಕೆ ಜಾರುತ್ತಾರೆ, ಅವರ ಭಾರವೆಲ್ಲ ನಿಮ್ಮ ಬೆನ್ನಿನ ಮೂಲಕ ಹ್ಯಾಂಡಲ್ಲಿಗೆ ಬರುತ್ತದೆ. ಎರಡೂ ಕಡೆ ಕಾಲು ಹಾಕಿ ಕೂರುವುದು ಎಲ್ಲಕ್ಕಿಂತ ಉತ್ತಮ. ಅದು ಆಗದಿದ್ದರೆ ಒಂದು ಕೈ ಹಿಂದಿನ ಹಿಡಿಗಂಬಿಯ ಮೇಲಿರಬೇಕು, ಸೆರಗು ಬಿಗಿಯಾಗಿ ಸಿಕ್ಕಿಸಿರಬೇಕು, ಮತ್ತು ನೀವು ವೇಗವನ್ನು ಮೊದಲೇ ಕಡಿಮೆ ಇಟ್ಟುಕೊಂಡಿರಬೇಕು. ಎರಡನೆಯ ದಿನದ ಮಧ್ಯಾಹ್ನವನ್ನು ನಾನು ಹಿಂದೆ ಕೂರುವವರಿಗೆಂದೇ ಇಟ್ಟಿದ್ದೇನೆ. ಚಿಕ್ಕಮ್ಮನನ್ನೂ ಕರೆದುಕೊಂಡು ಬನ್ನಿ.

ಸವಾರ: ಅವಳು ಬಯಲಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಸುತ್ತುವುದಕ್ಕೆ ಒಪ್ಪುವಳೆಂದು ತೋರುವುದಿಲ್ಲ. ಕಟ್ಟಿದ ತುರುಬಿಗೆ ಅದು ಹೊಂದುವುದೇ ಇಲ್ಲವೆನ್ನುತ್ತಾಳೆ.

ಬೋಧಕಿ: ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಅದು 2016ರಿಂದ ಕಡ್ಡಾಯವಾಗಿದೆ, ಆದರೆ ಆ ಮಾತು ಚಿಕ್ಕಮ್ಮನ ಹತ್ತಿರ ನಡೆಯುವುದಿಲ್ಲ, ನನಗೆ ಗೊತ್ತು. ತುರುಬನ್ನು ಕೆಳಗಿಳಿಸಿ ಕುತ್ತಿಗೆಯ ಹತ್ತಿರ ಕಟ್ಟಿದರೆ ಪೂರ್ಣಮುಖದ ಹೆಲ್ಮೆಟ್ಟು ಸರಿಯಾಗಿ ಕೂರುತ್ತದೆ, ನನ್ನದೂ ಹಾಗೆಯೇ. ಐಎಸ್‌ಐ ಗುರುತಿನವು ಎರಡು ಅಳತೆಯಲ್ಲಿ ನನ್ನ ಬಳಿ ಇವೆ, ಎರಡನ್ನೂ ತರುತ್ತೇನೆ. ಅವರು ಒಳಗಿದ್ದಾರೆಯೆ? ನಾನೇ ಈಗ ಕೇಳಿಬಿಡುತ್ತೇನೆ.